ಜಗಲಿ ಮೇಲಿನ ಬಾಟಲಿ

ಖಾನಾಪುರದ ಬಜಾರಿನ ಹಿಂದಿನ ಓಣಿಯಲ್ಲಿ ಬಸಯ್ಯನವರ ಮನೆ. ಮನೆಗೆ ಅಂಟಿಕೊಂಡೇ ಹಿಟ್ಟಿನ ಗಿರಣಿ. ಕರೆಂಟು ಇದ್ದಷ್ಟು ಹೊತ್ತು ಆ ಮನೆಯಲ್ಲಿ ಜಗಳ ಇರುತ್ತಿರಲಿಲ್ಲ. ಆಡಿದರೂ ಕೇಳುತ್ತಿರಲಿಲ್ಲ ಎನ್ನುವುದೇ ಸರಿ. ಗಿರಣಿಯ ಪಟ್ಟಾ ಫಟಫಟ ಎನ್ನುವಾಗ ಅತ್ತೆ ಒಂದು ಅನ್ನುವಳು, ಸೊಸೆ ಒಂದು ಅನ್ನುವಳು, ಇಬ್ಬರೂ ತಮ್ಮ ಮಾತೇ ಗೆದ್ದಿತೆಂದು ಸಮಾಧಾನಪಟ್ಟುಕೊಳ್ಳುವರು. ಕರೆಂಟು ಹೋಯಿತೋ, ಬೆಳಗಿನಿಂದ ಕೂಡಿಟ್ಟದ್ದೆಲ್ಲ ಹೊರಗೆ ಬೀಳುತ್ತಿತ್ತು. ಹೊಸ ಶತಮಾನ ಬಂದು ಎರಡನೆಯ ವರ್ಷ ನಡೆದಿದ್ದರೂ ಖಾನಾಪುರದಲ್ಲಿ ಮಧ್ಯಾಹ್ನಕ್ಕೊಮ್ಮೆ, ಸಂಜೆಗೊಮ್ಮೆ ಕರೆಂಟು ತಪ್ಪದೆ ಹೋಗುತ್ತಿತ್ತು. ಮನೆಯ ಎಲ್ಲ ತೀರ್ಮಾನಗಳೂ ಆ ಎರಡು ಹೊತ್ತಿನಲ್ಲೇ ಆಗುತ್ತಿದ್ದವು.

ಬಸಯ್ಯನವರು ಜಂಗಮರು. ಓಣಿಯ ಲಿಂಗಾಯತರ ಮನೆಗಳಲ್ಲಿ ಮಗು ಹುಟ್ಟಿದರೆ ಲಿಂಗ ಕಟ್ಟುವುದಕ್ಕೆ, ಯಾರಾದರೂ ತೀರಿಕೊಂಡರೆ ಮಣ್ಣು ಮಾಡಿಸುವುದಕ್ಕೆ ಅವರೇ ಬರಬೇಕು. ಕಿರಿಯ ಮಗ ಗೌರೀಶನಿಗೆ ಆ ವೃತ್ತಿ ಒಗ್ಗಲಿಲ್ಲ, ಗಿರಣಿ ಹಾಕಿದ. ಹಾಕಿದವನು ಅವನು, ನಡೆಸುತ್ತಿದ್ದವಳು ಹೆಂಡತಿ ಕಾಂತಾ. ಬೆಳಗಾವಿಗೆ ಹೋಗಿ ಬೆಲ್ಟು ತರುವುದು, ಕಲ್ಲು ಕುಟ್ಟುವವನನ್ನು ಹುಡುಕುವುದು, ಇಂಥ ತಿರುಗಾಟದ ಕೆಲಸಗಳಲ್ಲಿ ಗೌರೀಶ ಬಹಳ ಚುರುಕು. ಡಬ್ಬಿ ಎತ್ತಿ ಸುರಿಯುವುದು, ಬಂದ ಹಿಟ್ಟನ್ನು ಬೆರಳಲ್ಲಿ ತಿಕ್ಕಿ ನೋಡಿ ಕಲ್ಲು ಬಿಗಿ ಮಾಡುವುದು ಕಾಂತಾಳ ಪಾಲು.

ಹಾಗೆ ಒಂದು ದಿನ ಜೋಳದ ಡಬ್ಬಿಯನ್ನು ಎದೆಗೆ ಅವುಚಿ ಎತ್ತಿದಾಗ, ಕೊರಳಲ್ಲಿದ್ದ ಲಿಂಗದ ಕರಡಿಗೆ ಎಡ ಮೊಲೆಗೆ ಒತ್ತಿತು. ಒತ್ತಿದಲ್ಲಿ ಗಟ್ಟಿಯಾದದ್ದೇನೋ ಇತ್ತು. ಕಡಲೆ ಕಾಳಿಗಿಂತ ದೊಡ್ಡದು, ಅಡಿಕೆಗಿಂತ ಸಣ್ಣದು. ನೋಯುತ್ತಿರಲಿಲ್ಲ. ನೋಯದ್ದರ ಗೊಡವೆ ಯಾಕೆಂದು ಕಾಂತಾ ಬಿಟ್ಟಳು. ಹಬ್ಬದ ಸಾಲು ಬಂತು, ಗಿರಣಿಯಲ್ಲಿ ಡಬ್ಬಿಗಳ ಪಾಳಿ ಹೊಸಿಲು ದಾಟಿತು. ಹಬ್ಬ ಮುಗಿದ ಮೇಲೆ, ಮಧ್ಯಾಹ್ನ ಕರೆಂಟು ಹೋದಾಗ, ಗಂಡನ ತಾಟಿಗೆ ಎರಡನೇ ರೊಟ್ಟಿ ಹಾಕುತ್ತ ಹೇಳಿದಳು.

"ರೀ, ಎದಿಯೊಳಗ ಒಂದು ಗಂಟ ಬಂದೈತಿ."

ಗೌರೀಶನ ಕೈ ಪಲ್ಯದಲ್ಲೇ ನಿಂತಿತು. "ಯಾವಾಗಿಂದ?"

"ಗಣಪತಿ ಹಬ್ಬದ ಮುಂದ."

"ದಸರಾ ಮುಗೀತಲ್ಲ! ಇಷ್ಟ ದಿನ ಏನ ಮಾಡಾಕತ್ತಿದ್ದಿ?"

"ಹಿಟ್ಟ ಬೀಸಾಕತ್ತಿದ್ದೆ."

ಗೌರೀಶ ದನಿ ತಗ್ಗಿಸಿದ. "ಅವ್ವಗ ಹೇಳಬ್ಯಾಡ" ಎಂದಷ್ಟೇ ಹೇಳಿದ. ಗಿರಣಿಗೆ ಬೆಲ್ಟು ತರುವ ನೆಪ ಹೇಳಿ ಮರುದಿನ ಇಬ್ಬರೂ ಬೆಳಗಾವಿಯ ಬಸ್ಸು ಹತ್ತಿದರು.

ಬೆಳಗಾವಿಯ ಡಾಕ್ಟರ್ ಪ್ರಮಿಳಾ ಹೆಚ್ಚು ಮಾತಿನವರಲ್ಲ. ಕೈಯಿಂದ ಒತ್ತಿ ನೋಡಿದರು, ಬಗಲಲ್ಲೂ ನೋಡಿದರು, ಎದೆಯ ಫೋಟೋ ತೆಗೆಸಿದರು. ಆಮೇಲೆ ಸೂಜಿ. ಕೊರಳಲ್ಲಿದ್ದದ್ದನ್ನು ತೆಗೆದಿಡಿ ಎಂದು ನರ್ಸು ಅಂದಾಗ ಕಾಂತಾ ತೆಗೆಯಲಿಲ್ಲ, ಕರಡಿಗೆಯನ್ನು ಬಲಗೈ ಮುಷ್ಟಿಯಲ್ಲಿ ಹಿಡಿದುಕೊಂಡು ಮಲಗಿದಳು. ಜ್ವರಕ್ಕೆ ಹಾಕುವ ಸೂಜಿಗಿಂತಲೂ ತೆಳ್ಳಗಿನ ಸೂಜಿ. ಗಂಟಿನೊಳಗೆ ಹಿಂದೆ ಮುಂದೆ ಆಡಿಸಿ, ಸಿರಿಂಜಿನಿಂದ ಎಳೆದು, ಬಂದ ಹನಿಯನ್ನು ಗಾಜಿನ ಪಟ್ಟಿಯ ಮೇಲೆ ಸವರಿದರು. ರೊಟ್ಟಿಗೆ ಬೆಣ್ಣೆ ಸವರಿದಷ್ಟೇ ಹೊತ್ತು. ಹೊರಗೆ ಬಂದಾಗ ಗೌರೀಶ ಇನ್ನೂ ಚಹಾ ಮುಗಿಸಿರಲಿಲ್ಲ.

ಉತ್ತರಕ್ಕೆಂದು ಮತ್ತೆ ಹೋದಾಗ ಡಾಕ್ಟರು ಕಾಗದ ನೋಡಿ ಹೇಳಿದರು: "ಕೆಲವು ಕಣ ಸರಿ ಕಾಣಂಗಿಲ್ಲ ಅಂದಾರ. ಆದ್ರ ಅದೇ ರೋಗ ಅಂತ ಬರಕೊಡಾಕ ಇಷ್ಟು ಸಾಲಂಗಿಲ್ಲಂತ."

"ಹಂಗಂದ್ರ ಐತೋ ಇಲ್ಲೋ?" ಎಂದ ಗೌರೀಶ.

"ಅನುಮಾನ ಐತಿ."

"ಅನುಮಾನ ನಮಗೂ ಇತ್ತಲ್ರಿ ಡಾಕ್ಟರ. ಅದಕ್ಕ ಬಂದಿದ್ವಿ."

ಡಾಕ್ಟರು ಸಿಟ್ಟಾಗಲಿಲ್ಲ. "ತೆಳ್ಳನ ಸೂಜಿಗೆ ಬಿಡಿ ಬಿಡಿ ಕಣ ಬರ್ತಾವ್ರಿ. ಲಗೂನ ಆಗತೈತಿ, ನೋವು ಕಡಿಮಿ, ರೊಕ್ಕಾನೂ ಕಡಿಮಿ. ಎಷ್ಟೋ ಮಂದಿಗೆ ಅದರಾಗ ಉತ್ತರ ಸಿಗತೈತಿ. ನಿಮಗ ಸಿಗಲಿಲ್ಲ. ದಪ್ಪ ಸೂಜಿ ಅಂತ ಇನ್ನೊಂದು ಐತಿ. ಅದರ ಹೊಟ್ಟಿ ಪೊಳ್ಳ ಇರತೈತಿ, ಒಂದು ಎಳಿ ಮಾಂಸಾನ ಕಡಕೊಂಡು ಬರತೈತಿ. ಕಣ ಒಂದಕ್ಕೊಂದು ಹೆಂಗ ಕೂತಾವು, ತಮ್ಮ ಗೋಡಿ ಒಡಕೊಂಡು ಹೊರಗ ಬಂದಾವೋ ಏನು, ಯಾವ ತರದ್ದು, ಎಲ್ಲಾ ತಿಳೀತೈತಿ. ಮೊದಲ ಜೋಮ ಹಿಡಿಯೂ ಇಂಜೆಕ್ಷನ್ ಕೊಡ್ತೀನಿ. ಆಮ್ಯಾಲ ಒಂದೀಟು ಕಪ್ಪಗಟ್ಟಬಹುದು, ಅಷ್ಟ."

ಸುಮ್ಮನೆ ಕೂತಿದ್ದ ಕಾಂತಾ ಬಾಯಿ ತೆರೆದಳು. "ಹಿಟ್ಟ ನೋಡೂದಕ್ಕೂ ಕಾಳ ನೋಡೂದಕ್ಕೂ ಫರಕ್ ಇದ್ದಂಗರಿ?"

"ಹಂಗ ಅನ್ರಿ." ಡಾಕ್ಟರು ಮೊದಲ ಸಲ ನಕ್ಕರು.

"ಕೊಯ್ದ ನೋಡಿಬಿಟ್ರ?" ಎಂದ ಗೌರೀಶ.

"ಅದೂ ಒಂದು ಹಾದಿ. ಆದ್ರ ಬರೇ ಏನೈತಿ ಅಂತ ತಿಳಕೊಳ್ಳಾಕ ಯಾಕ ಕೊಯ್ಯೂದು? ಸೂಜಿಲೇ ತಿಳದ್ರ ಆಪರೇಶನ್ ಏನಿದ್ರೂ ಒಮ್ಮೆ, ವಿಚಾರ ಮಾಡಿ ಮಾಡೂದು. ನಾ ಪ್ರತಿ ಗುರುವಾರ ನಿಮ್ಮ ಖಾನಾಪುರಕ್ಕ ಬರ್ತೀನಿ. ಅಲ್ಲಿ ನರ್ಸಿಂಗ್ ಹೋಮಿನ್ಯಾಗ ಹಾಕೂಣು."

ಹಿಂದಿರುಗುವಾಗ ಪೀರನವಾಡಿಯಲ್ಲಿ ಇಳಿದರು. ಅಲ್ಲಿ ಗೌರೀಶನ ಅಣ್ಣ ಚನ್ನಬಸಯ್ಯನ ಮನೆ. ಚನ್ನಬಸಯ್ಯ ವಿಮಾ ಆಫೀಸಿನಲ್ಲಿ ಕಾರಕೂನ. ಯಾವ ರೋಗದ ಹೆಸರು ಹೇಳಿದರೂ ಅದರಲ್ಲಿ ಸತ್ತವರೊಬ್ಬರ ಉದಾಹರಣೆ ಅವನ ನಾಲಿಗೆಯ ತುದಿಯಲ್ಲಿ ಇರುತ್ತಿತ್ತು.

"ಸೂಜಿ ಹಾಕಿಸಬಾರದು" ಎಂದ, ಬಸಿಯಲ್ಲಿ ಚಹಾ ಸುರಿದುಕೊಳ್ಳುತ್ತ. "ನಮ್ಮ ಸಾಹೇಬ್ರ ಅತ್ತಿಗಿಗೆ ಸೂಜಿ ಚುಚ್ಚಿದ್ರು. ಅಲ್ಲೀತನಾ ಸುಮ್ನ ಕೂತಿದ್ದ ಗಂಟು ಆರ ತಿಂಗಳದಾಗ ಮೈತುಂಬ ಹರಡಿತು. ಜೇನಿನ ಗೂಡಿಗೆ ಕಡ್ಡಿ ಹಾಕಿದಂಗ ಅದು."

"ಹಂಗ ಹರಡಂಗಿಲ್ಲ ಅಂದ್ರು ಡಾಕ್ಟರು" ಎಂದಳು ಕಾಂತಾ.

"ಅವರು ಹಂಗ ಅನ್ನಲೇಬೇಕಲ್ಲ ತಂಗಿ. ಸೂಜಿ ಇಟ್ಟಕೊಂಡು ಕುಂತಾರ."

ಕಾಂತಾ ಬಸ್ಸಿನಲ್ಲಿ ಕಿಟಕಿಗೆ ತಲೆಯಾನಿಸಿ ಕೂತಳು. ಜೇನುಗೂಡಿನ ಮಾತು ಕಿವಿಯಲ್ಲಿ ಸಿಕ್ಕಿಕೊಂಡಿತ್ತು. ಅವಳಿಗೆ ಹೆದರಿಕೆಯಾಗಿತ್ತು. ಆದರೆ ಹೆದರಿಕೆಗಿಂತ ಅನುಮಾನವೇ ಹೆಚ್ಚು ತಿನ್ನುತ್ತದೆ ಎನ್ನುವುದು ಅವಳಿಗೆ ಆ ಕೆಲವು ದಿನಗಳಲ್ಲಿ ಗೊತ್ತಾಗಿತ್ತು. ಹಿಟ್ಟು ತಿಕ್ಕುವ ಬೆರಳು ಕೂಡ ನಡುನಡುವೆ ತಾನಾಗಿಯೇ ಕುಪ್ಪಸದ ಮೇಲೆ ಹೋಗಿ ಗಂಟನ್ನು ಹುಡುಕುತ್ತಿತ್ತು.

ಗುರುವಾರ ನರ್ಸಿಂಗ್ ಹೋಮಿನಲ್ಲಿ ದಪ್ಪ ಸೂಜಿ ಹಾಕಿದರು. ಜೋಮು ಹಿಡಿದಿದ್ದರಿಂದ ನೋವಾಗಲಿಲ್ಲ. ಆದರೆ ಒಂದೊಂದು ಸಲವೂ ಸೂಜಿ 'ಟಕ್' ಎನ್ನುತ್ತಿತ್ತು, ಇಲಿಬೋನು ಬಿದ್ದ ಹಾಗೆ. ಆ ಸದ್ದಿಗೆ ಕಾಂತಾ ಪ್ರತಿಸಲವೂ ಬೆಚ್ಚಿದಳು. ಬಿಳಿ ಶ್ಯಾವಿಗೆಯ ಚೂರಿನಂಥ ನಾಲ್ಕಾರು ಎಳೆಗಳನ್ನು ನರ್ಸು ಔಷಧಿಯ ನೀರಿದ್ದ ಸಣ್ಣ ಬಾಟಲಿಗೆ ಹಾಕಿ, ಮೇಲೆ ಪಟ್ಟಿ ಅಂಟಿಸಿ ಕಾಂತಾಳ ಹೆಸರು ಬರೆದಳು. ಡಾಕ್ಟರು ಅಲ್ಲಿಂದ ನೇರ ಹಳಿಯಾಳಕ್ಕೆ ಹೋಗುವವರು. ಬಾಟಲಿಯನ್ನು ಗೌರೀಶನ ಕೈಗೆ ಕೊಟ್ಟು, "ನಾಳೆ ಬೆಳಗಾವಿ ಲ್ಯಾಬಿಗೆ ಮುಟ್ಟಸ್ರಿ. ಮುಚ್ಚಳ ತಗೀಬ್ಯಾಡ್ರಿ" ಎಂದರು. ಆಗ ಎಲ್ಲರೂ ಹಾಗೇ ಒಯ್ಯುತ್ತಿದ್ದರು. ಬೆಳಗಾವಿ ಬಸ್ಸಿನಲ್ಲಿ ಯಾರ ಚೀಲದಲ್ಲಿ ಯಾರ ಮೈಯ ತುಣುಕು ಇರುತ್ತಿತ್ತೋ ಶಿವನೇ ಬಲ್ಲ.

ಮರುದಿನ ಬಂದ್. ಗಡಿಯದೋ ಭಾಷೆಯದೋ ಏನೋ ಒಂದು ವಿಷಯಕ್ಕೆ ದಾರಿಯಲ್ಲಿ ಟಾಯರು ಸುಟ್ಟು ಬಸ್ಸು ನಿಲ್ಲಿಸಿದ್ದರು. ಸುದ್ದಿ ಗುರುವಾರ ಸಂಜೆಯೇ ಬಂದಿತ್ತು. ಹಾಗಾದರೆ ಬಾಟಲಿಯನ್ನು ಎಲ್ಲಿಡುವುದು? ಅಡುಗೆ ಮನೆಯಲ್ಲಿ ಇಡುವಂತಿಲ್ಲ. ಗಿರಣಿಯಲ್ಲಿ ಇಲಿ. ಮಲಗುವ ಕೋಣೆಯ ಕಪಾಟಿಗೆ ಬಾಗಿಲಿಲ್ಲ. ಗೌರೀಶ ತನ್ನ ಜಾಣತನವನ್ನೆಲ್ಲ ಖರ್ಚು ಮಾಡಿ, ಯಾರೂ ಕೈ ಹಾಕದ ಜಾಗ ಎಂದು ದೇವರ ಜಗಲಿಯ ಮೂಲೆಯಲ್ಲಿ, ಎಣ್ಣೆ ಬಾಟಲಿಯ ಹಿಂದೆ ಇಟ್ಟ. ಹುಟ್ಟಿದಾಗಿನಿಂದ ಆ ಮನೆಯಲ್ಲಿದ್ದರೂ, ದಿನ ಬೆಳಗಾದರೆ ಆ ಜಗಲಿಯನ್ನು ಯಾರೋ ತೊಳೆಯುತ್ತಾರೆ ಎನ್ನುವುದು ಅವನ ತಲೆಗೆ ಬರಲಿಲ್ಲ. ಪೂಜೆ ಮಾಡದ ಗಂಡಸಿನ ಲೆಕ್ಕ ಅದು. ಕಾಂತಾ ಬ್ಯಾಂಡೇಜು ಕಟ್ಟಿಕೊಂಡು ಬೇಗ ಮಲಗಿದ್ದಳು. ಅವಳನ್ನು ಅವನು ಕೇಳಲೂ ಇಲ್ಲ.

ಶನಿವಾರ ಬೆಳಿಗ್ಗೆ ಮೊದಲ ಬಸ್ಸಿಗೆಂದು ಚಪ್ಪಲಿ ಮೆಟ್ಟಿದವನು ಜಗಲಿಗೆ ಕೈ ಹಾಕಿದ. ಎಣ್ಣೆ ಬಾಟಲಿಯ ಹಿಂದೆ ಏನೂ ಇರಲಿಲ್ಲ.

"ಅವ್ವಾ, ಇಲ್ಲೊಂದು ಸಣ್ಣ ಬಾಟ್ಲಿ ಇತ್ತಲ್ಲ?"

ನಿಂಗವ್ವ ಕಸಬರಿಗೆ ಕೆಳಗಿಟ್ಟು ಸೆರಗು ಸರಿಮಾಡಿಕೊಂಡಳು. "ಮಣ್ಣ ಮಾಡಿದ್ವಿ."

"ಏನ ಮಾಡಿದ್ರಿ?"

"ನಿನ್ನೆ ಮುಂಜಾನಿ ಜಗಲಿ ತೊಳಿಯಾಕ ಹೋದೆ, ಸಿಕ್ತು. ಮಾಂಸ ಅಂತ ಗೊತ್ತಾತು. ನಿಮ್ಮಪ್ಪಗ ತೋರ್ಸಿದೆ. ಅವರು ಹೆಸರು ಓದಿದ್ರು. ಹಿತ್ತಲದಾಗ ಪೇರಲ ಗಿಡದ ಬುಡಕ್ಕ ಈಬತ್ತಿ ಹಾಕಿ, ಪತ್ರಿ ಏರ್ಸಿ, ಮಂತ್ರ ಹೇಳಿ ಮಣ್ಣ ಮಾಡಿದ್ವಿ."

ಕಾಂತಾ ಅಡುಗೆ ಮನೆಯ ಬಾಗಿಲಲ್ಲಿ ನಿಂತಿದ್ದಳು. ಕೈಯಲ್ಲಿ ರೊಟ್ಟಿ ಹಿಟ್ಟು ಹಾಗೇ ಇತ್ತು. ಅಷ್ಟರಲ್ಲಿ ಮಗಳು ಸಾಕ್ಷಿ ಹಲ್ಲುಜ್ಜುವುದನ್ನು ಬಿಟ್ಟು ಓಡಿ ಬಂದಳು. ಸಾಕ್ಷಿ ಕಾಲೇಜಿನ ಮೊದಲ ವರ್ಷದಲ್ಲಿ ವಿಜ್ಞಾನ ಓದುತ್ತಿದ್ದವಳು, ಬಾಯಿ ಸ್ವಲ್ಪ ಜೋರು.

"ಆಯಿ! ಅದು ಟೆಸ್ಟಿಗೆ ಕಳಸೂದಿತ್ತು! ಅವ್ವನ ಟೆಸ್ಟ್!" ಎಂದು ಅಜ್ಜಿಗೆ ಕೂಗಿ ಹೇಳಿದಳು.

"ಟೆಸ್ಟು? ಗಂಟ ತಗದಾತು ಅಂತ ತಿಳಕೊಂಡ್ವಿ ನಾವು."

"ಗಂಟಿನ ಸುದ್ದಿ ನಿಮಗ ಯಾರ ಹೇಳಿದ್ರು?" ಎಂದು ಗೌರೀಶ ಗದರಿದ.

"ಯಾರರೆ ಹೇಳಬೇಕೇನೋ? ಕರೆಂಟ್ ಹೋದಾಗ ಈ ಮನ್ಯಾಗ ಯಾವ ಮಾತ ಮುಚ್ಚಿದ್ದೈತಿ?" ನಿಂಗವ್ವನ ದನಿ ಏರಿತು. "ನೀವು ಹೇಳಲಿಲ್ಲ, ನಾವು ಕೇಳಲಿಲ್ಲ. ನೀ ಹುಟ್ಟಿದಾಗ ಸೂಲಗಿತ್ತಿ ಕೂಸಿನ ಹಿಂದ ಬಿದ್ದ ಮಾಸ ತಂದು ಕೈಗೆ ಕೊಟ್ಲು, ಇದ ಹಿತ್ತಲದಾಗ ಹುಗದ್ವಿ. ಸತ್ತವರನ್ನ ದವಾಖಾನಿಯವರು ಮನಿಗೆ ಕೊಡ್ತಾರ, ಮಣ್ಣ ಮಾಡ್ತೀವಿ. ಮೈಯಾಗಿಂದು ಮನಿಗೆ ಕೊಟ್ಟಾರ ಅಂದ್ರ ಮತ್ತ್ಯಾತಕ್ಕ ಕೊಡ್ತಾರ? ಜಗಲಿ ಮ್ಯಾಲ ಬ್ಯಾರೆ ಇಟ್ಟೀರಿ. ಮಣ್ಣ ಮಾಡಬೇಕಂತ ಇಟ್ಟೀರಿ ಅಂದಕೊಂಡೆ."

ಬಸಯ್ಯನವರು ಪಡಸಾಲೆಯಲ್ಲಿ ಕಣ್ಣು ಮುಚ್ಚಿ ಕೂತಿದ್ದರು. "ತಪ್ಪಾತು" ಎಂದರು. ಆ ಮನೆಯಲ್ಲಿ ಅವರ ಬಾಯಿಂದ ಆ ಮಾತನ್ನು ಅಲ್ಲಿಯವರೆಗೆ ಯಾರೂ ಕೇಳಿರಲಿಲ್ಲ. ಅದನ್ನು ಕೇಳಿದ ಮೇಲೆ ಜಗಳ ಮುಂದುವರಿಸಲು ಯಾರಿಗೂ ದಾರಿ ಉಳಿಯಲಿಲ್ಲ.

ಸಾಕ್ಷಿ ಕುರ್ಪಿ ತೆಗೆದುಕೊಂಡು ಹಿತ್ತಲಿಗೆ ಓಡಿದಳು. ಪೇರಲ ಗಿಡದ ಬುಡದಲ್ಲಿ ಅಂಗೈಯಗಲ ಹೊಸ ಮಣ್ಣು, ಮೇಲೆ ಒಂದು ಶೇವಂತಿಗೆ ಹೂವು. ಕೆದರಿದರೆ ತೊಯ್ದ ವಿಭೂತಿ, ಬಾಡಿದ ಪತ್ರಿ, ಸಾಲುಗಟ್ಟಿದ ಇರುವೆ. ಬಾಟಲಿಯನ್ನು ಅಜ್ಜಿ ತೊಳೆದು ಬಚ್ಚಲ ಕಟ್ಟೆಯ ಮೇಲೆ ಬೋರಲು ಹಾಕಿದ್ದಳು. ಕಾಂತಾ ಮಗಳ ಭುಜ ಹಿಡಿದು ಎಬ್ಬಿಸಿದಳು.

"ಸಾಕ ಬಿಡ. ಹೋದದ್ದು ಹೋತು. ಕೈ ತೊಳಕೋ, ರೊಟ್ಟಿ ಆರತಾವ."

ಮಧ್ಯಾಹ್ನ ಎಸ್‌ಟಿಡಿ ಬೂತಿನಿಂದ ಗೌರೀಶ ಡಾಕ್ಟರಿಗೆ ಫೋನು ಹಚ್ಚಿದ. ಮಣ್ಣು ಮಾಡಿದ್ದು ನಿಜವೇ ಎಂದು ಅವರು ಎರಡು ಸಲ ಕೇಳಿದರಂತೆ. ಆಮೇಲೆ, ಮಣ್ಣಿಗೆ ಬಿದ್ದದ್ದರಿಂದ ಉಪಯೋಗವಿಲ್ಲ, ಮತ್ತೊಮ್ಮೆ ಹಾಕಬೇಕು, ತಡಮಾಡಬೇಡಿ ಎಂದರಂತೆ.

ಆ ವಾರ ಮನೆಯಲ್ಲಿ ಊಟ ಮಾಡುವವರು ಊಟ ಮಾಡಿದರು, ಗಿರಣಿ ಬೀಸುವಷ್ಟು ಬೀಸಿತು. ನಿಂಗವ್ವ ಮಾತು ಕಡಿಮೆ ಮಾಡಿದಳು. ಎಪ್ಪತ್ತು ಸಮೀಪಿಸಿದ ಹೆಂಗಸು, ಕಾಂತಾ ಡಬ್ಬಿಗೆ ಕೈ ಹಾಕುವ ಮೊದಲೇ ಬಂದು ತಾನು ಎತ್ತುವಳು. ಕಾಂತಾ "ಬಿಡ್ರಿ ಅತ್ತಿ" ಅನ್ನುವಳು, ಗಿರಣಿಯ ಸದ್ದಿನಲ್ಲಿ ಕೇಳಿಸದವಳಂತೆ ನಿಂಗವ್ವ ಸುರಿಯುವಳು. ಬೆಳಿಗ್ಗೆ ಜಗಲಿಗೆ ಹೂವು ಏರಿಸಿದ ಮೇಲೆ ಒಂದನ್ನು ಉಳಿಸಿಕೊಂಡು ಹಿತ್ತಲಿಗೆ ಹೋಗುವಳು. ಸಾಕ್ಷಿ ಕೆದರಿದ ಮಣ್ಣನ್ನು ಅವಳು ಮತ್ತೆ ಸರಿಮಾಡಿದ್ದಳು. ಬಚ್ಚಲ ಕಿಟಕಿಯಿಂದ ಕಾಂತಾ ಅದನ್ನು ದಿನವೂ ನೋಡಿದಳು. ನೋಡಿ, ಮುಖಕ್ಕೆ ನೀರು ಎರಚಿಕೊಂಡು ಗಿರಣಿಗೆ ನಡೆಯುವಳು.

ಆ ವಾರ ಕಳೆದು ಭಾನುವಾರ ಚನ್ನಬಸಯ್ಯ ಬಂದ. ಊಟಕ್ಕೆ ಕೂತಾಗ ಕರೆಂಟು ಹೋಯಿತು.

"ಆದದ್ದ ಚಲೋ ಆತು" ಎಂದ ಅವನು. "ಸೂಜಿ ಬ್ಯಾಡ ಅಂತ ಜಗಲಿ ಮ್ಯಾಲಿನ ದೇವರ ಹೇಳಿದಂಗ ಇದು. ನಮ್ಮ ಸಾಹೇಬ್ರ ಗುರ್ತಿನ ಸರ್ಜನ್ ಒಬ್ರು ಅದಾರ. ಸೂಜಿ ಗೀಜಿ ಏನಿಲ್ಲ. ಬುಧವಾರ ಭರ್ತಿ ಆದ್ರ ಗುರುವಾರ ತಗದ ಒಗೀತಾರ."

"ಏನ ತಗದ ಒಗೀತಾರ್ರಿ ಭಾವಾರ?" ಕಾಂತಾ ಸಾರಿನ ಸೌಟು ಹಿಡಿದು ಅಲ್ಲೇ ನಿಂತಳು.

ಚನ್ನಬಸಯ್ಯ ತಾಟು ನೋಡಿದ. ಗೌರೀಶ ಸೂರು ನೋಡಿದ. ಆ ಶಬ್ದ ಯಾರ ಬಾಯಿಂದಲೂ ಬರಲಿಲ್ಲ.

"ಅದಽ... ಗಂಟು ಮತ್ತ... ಅದರ ಸುತ್ತಲಿಂದು."

"ಗಂಟು ಸಾದಾ ಇದ್ರ?"

"ಸಾದಾ ಇದ್ರೂ ಚಿಂತಿ ಹೋಗತೈತಲ್ಲ."

"ದೊಡ್ಡಪ್ಪಾ, ಹಲ್ಲ ನೋಯ್ತೈತಿ ಅಂತ ದವಡಿ ತಗಸ್ತೀರೇನು?" ಸಾಕ್ಷಿ ತಡೆಯಲಿಲ್ಲ.

"ನೀ ಸುಮ್ಕುಂದ್ರ. ಎರಡು ಬುಕ್ಕ ಓದೀದಿ ಅಂತ ದೊಡ್ಡವರ ನಡಬರಕ ಬಾಯಿ ಹಾಕಬ್ಯಾಡ."

ಗೌರೀಶ ಮಧ್ಯಸ್ಥಿಕೆಗೆ ಬಂದ. ಅವನ ಮಧ್ಯಸ್ಥಿಕೆ ಯಾವಾಗಲೂ ಅಗ್ಗದ ಕಡೆಗೇ ವಾಲುತ್ತಿತ್ತು. "ಅಣ್ಣಂದೂ ಬ್ಯಾಡ, ಡಾಕ್ಟರದೂ ಬ್ಯಾಡ. ಮೊದಲಿನ ತೆಳ್ಳನ ಸೂಜೀನ ಇನ್ನೊಮ್ಮೆ ಹಾಕಿಸೂಣು. ನೋವಿಲ್ಲ, ಬಾಟ್ಲಿ ಇಲ್ಲ, ಏನಿಲ್ಲ. ಅರ್ಧಾ ತಾಸಿನ್ಯಾಗ ಮುಗೀತೈತಿ."

"ಅದರಾಗ ಅರ್ಧ ಉತ್ತರ ಸಿಕ್ಕೈತಿ. ಇನ್ನೊಂದು ಅರ್ಧ ತಂದು ಎರಡನ್ನ ಕೂಡ್ಸಿ ಹೊಲೀತೀರೇನು?" ಕಾಂತಾ ಸೌಟನ್ನು ಪಾತ್ರೆಯಲ್ಲಿ ಇಟ್ಟಳು. ದನಿ ಏರಿಸಲಿಲ್ಲ. "ಭಾವಾರ, ನನ್ನ ಮೊಲಿ ತಗೀಬೇಕಾದ್ರ ತಗಸ್ಕೋತೀನಿ. ಅಳಂಗಿಲ್ಲ. ಆದ್ರ ಏನೈತಿ ಅಂತ ಗೊತ್ತಾಗಿ ತಗಸ್ಕೋತೀನಿ. ಗೊತ್ತಿಲ್ದ ತಗಸ್ಕೊಂಡ್ರ ಸಾಯೂತನಾ ಕೇಳ್ಕೋತ ಇರಬೇಕಾಗತೈತಿ, ಖರೇನ ಇತ್ತೋ, ಸುಮ್ನ ಹೋತೋ ಅಂತ. ಅದಕ್ಕ ಯಾವ ಸರ್ಜನ್ ಹತ್ತಿರಾನೂ ಔಷಧ ಇಲ್ಲ. ನಾ ದಪ್ಪ ಸೂಜೀನ ಹಾಕಿಸ್ಕೋತೀನಿ."

ಮೊಲೆ ಎಂಬ ಶಬ್ದ ಊಟದ ಮನೆಯಲ್ಲಿ ಬಿದ್ದದ್ದಕ್ಕೆ ಚನ್ನಬಸಯ್ಯ ಮಜ್ಜಿಗೆ ಮುಟ್ಟದೆ ಎದ್ದ. ಕೈತೊಳೆಯುತ್ತ, "ಹರಡಿದ್ರ ನನ್ನ ಕೇಳಬ್ಯಾಡ್ರಿ" ಎಂದ.

"ಯಾರ ಜೋಡಿ ಹೋಗ್ತಿ?" ಎಂದ ಗೌರೀಶ, ಮುನಿಸಿನಿಂದ. ಅಣ್ಣನ ಮಾತು ಮೀರಿ ತಾನು ಹೋಗುವುದಿಲ್ಲ ಎನ್ನುವುದು ಅದರ ಅರ್ಥ.

ಒಲೆಯ ಮುಂದೆ ಕೂತಿದ್ದ ನಿಂಗವ್ವ ಬೂದಿ ಕೆದರುವುದನ್ನು ನಿಲ್ಲಿಸಿದಳು. "ನಾ ಹೋಗ್ತೀನಿ" ಎಂದಳು.

ಮಂಗಳವಾರ ಅತ್ತೆ ಸೊಸೆ ಇಬ್ಬರೇ ಬೆಳಗಾವಿಗೆ ಹೋದರು. ನಿಂಗವ್ವ ದೊಡ್ಡ ಆಸ್ಪತ್ರೆಯ ಮೆಟ್ಟಿಲು ಹತ್ತಿದ್ದು ಅದೇ ಮೊದಲು. ಡಾಕ್ಟರು ಅವಳನ್ನು ಬೈಯುತ್ತಾರೆಂದು ಕಾಂತಾ ಅಂದುಕೊಂಡಿದ್ದಳು. ಡಾಕ್ಟರು ಕುರ್ಚಿ ತೋರಿಸಿ, "ಕುಂದರ್ರಿ ಅಮ್ಮಾರ. ತಪ್ಪು ನಿಮ್ಮದಲ್ಲ, ಹೇಳದ ಕೊಟ್ಟ ಕಳಿಸಿದ್ದು ನಂದು" ಎಂದರು.

"ಮತ್ತ ಮತ್ತ ಚುಚ್ಚಿದ್ರ ಹರಡಂಗಿಲ್ಲೇನ್ರಿ ಅವ್ವಾರ?" ನಿಂಗವ್ವ ಕೇಳಿದಳು.

"ಇಲ್ರಿ. ಚುಚ್ಚಿದ್ದಕ್ಕ ಹರಡಂಗಿಲ್ಲ. ತಿಳೀದ ಬಿಟ್ಟು ಕುಂತ್ರ ಹರಡತೈತಿ."

ಈ ಸಲ ಕರಡಿಗೆಯನ್ನು ಕಾಂತಾ ಮುಷ್ಟಿಯಲ್ಲಿ ಹಿಡಿಯಲಿಲ್ಲ. ಶಿವದಾರ ಕೊರಳಲ್ಲೇ ಇತ್ತು, ಕರಡಿಗೆಯನ್ನು ನಿಂಗವ್ವ ತನ್ನ ಅಂಗೈಯಲ್ಲಿಟ್ಟುಕೊಂಡು ತಲೆಯ ಹತ್ತಿರ ನಿಂತಳು. ಒಂದು ಗೇಣು ದಾರದ ಆ ಕಡೆ ಸೊಸೆ, ಈ ಕಡೆ ಅತ್ತೆ. ಸೂಜಿ ಟಕ್ ಎಂದಾಗ ಬೆಚ್ಚಿದವಳು ಅತ್ತೆ.

ಲ್ಯಾಬು ಎರಡು ಗಲ್ಲಿಯಾಚೆ. ಬಾಟಲಿಯನ್ನು ನಿಂಗವ್ವ ಯಾರ ಕೈಗೂ ಕೊಡಲಿಲ್ಲ. ಆಟೋದಲ್ಲಿ ಮಡಿಲಲ್ಲಿಟ್ಟು, ಮೇಲೆ ಸೆರಗು ಮುಚ್ಚಿ, ಬಸುರಿಯಂತೆ ಜೋಪಾನವಾಗಿ ಕೂತಳು. ಲ್ಯಾಬಿನ ಹುಡುಗಿ ಅದನ್ನು ಇಸಿದುಕೊಂಡು ಟ್ರೇಯಲ್ಲಿ ಬೇರೆ ಬಾಟಲಿಗಳ ನಡುವೆ ಎಸೆದಂತೆ ಇಟ್ಟಾಗ ಸುಮ್ಮನಿರಲಿಲ್ಲ.

"ತಂಗಿ, ಹಗೂರಕ ಇಡ. ಅದು ಬದುಕಿದ ಮನಷ್ಯಾಳದು."

ಹುಡುಗಿ ಮುಖ ನೋಡಿದಳು. ಬಾಟಲಿಯನ್ನು ಎತ್ತಿ ಮತ್ತೆ ಮೆಲ್ಲಗೆ ಇಟ್ಟಳು.

ಉತ್ತರ ಬಂದಾಗ ಗೌರೀಶನೂ ಹೋಗಿದ್ದ. ಅಷ್ಟರಲ್ಲಿ ಅವನ ಮುನಿಸು ಇಳಿದಿತ್ತು, ಅಥವಾ ಹೆದರಿಕೆ ಏರಿತ್ತು. ಡಾಕ್ಟರು ಸುತ್ತಿ ಬಳಸಿ ಹೇಳಲಿಲ್ಲ. ಕ್ಯಾನ್ಸರ್ ಹೌದು. ಯಾವ ತರದ್ದು ಎನ್ನುವುದೂ ಗೊತ್ತಾಗಿದೆ. ಬಗಲಿಗೆ ಹೋದಂತೆ ಕಾಣುವುದಿಲ್ಲ. ಮೊಲೆ ತೆಗೆಯಬೇಕು, ಆಮೇಲೆ ಮೂರು ವಾರಕ್ಕೊಮ್ಮೆ ಸಲಾಯಿನ್ನಿನಲ್ಲಿ ಔಷಧ ಕೊಡಬೇಕು, ಅದರಿಂದ ತಲೆಗೂದಲು ಉದುರುತ್ತದೆ. ವಾಸಿಯಾಗುವ ಸಾಧ್ಯತೆ ಚೆನ್ನಾಗಿದೆ.

ಗೌರೀಶ ಅಳಲು ಶುರುಮಾಡಿದ. ಕಾಂತಾ ಅವನ ಬೆನ್ನಿನ ಮೇಲೆ ಕೈಯಿಟ್ಟಳು. ಅವಳಿಗೆ ಅಳು ಬರಲಿಲ್ಲ. ತಿಂಗಳುಗಟ್ಟಲೆ ಬೆರಳು ಹುಡುಕಿದ್ದಕ್ಕೆ ಒಂದು ಹೆಸರು ಸಿಕ್ಕಿತ್ತು. ಆ ಹೆಸರು ಕೆಟ್ಟದಾಗಿತ್ತು. ಆದರೂ ಕೈ ಕುಪ್ಪಸದ ಮೇಲಿಂದ ಕೆಳಗಿಳಿಯಿತು. "ಯಾವತ್ತ ಭರ್ತಿ ಆಗ್ಲಿರಿ?" ಎಂದು ಕೇಳಿದಳು.

ಪೀರನವಾಡಿಗೆ ಸುದ್ದಿ ಮುಟ್ಟಿದಾಗ ಚನ್ನಬಸಯ್ಯ, "ನಾ ಮೊದಲಽ ಹೇಳಿದ್ನಿ, ತಗಸ್ರಿ ಅಂತ" ಎಂದನಂತೆ. ಆದರೆ ಆಸ್ಪತ್ರೆಯಲ್ಲಿದ್ದಷ್ಟು ದಿನವೂ ಅವನ ಮನೆಯಿಂದಲೇ ಬುತ್ತಿ ಬಂತು. ಒಂದು ದಿನ ಅವನೇ ತಂದ. ಬಾಗಿಲ ಹೊರಗೆ ನಿಂತು ಡಬ್ಬಿ ಕೊಟ್ಟು, ಕಾಂತಾಳ ಮುಖ ನೋಡದೆ, "ಉಪ್ಪ ಕಡಿಮಿ ಹಾಕ್ಸೀನಿ" ಎಂದು ಹೇಳಿ ಹೋದ.

ಆಪರೇಶನ್ ಆದ ದಿನ ನಿಂಗವ್ವ ಡಾಕ್ಟರನ್ನು ಹೊರಗೆ ತಡೆದು ನಿಲ್ಲಿಸಿದಳು.

"ಅವ್ವಾರ, ತಗದದ್ದನ್ನ ಮನಿಗೆ ಕೊಡ್ತೀರೇನು?"

"ಇಲ್ಲ ಅಮ್ಮಾರ. ಅದೂ ಲ್ಯಾಬಿಗೆ ಹೋಗತೈತಿ. ಆಮ್ಯಾಲ ಆಸ್ಪತ್ರಿಯವರ ಸುಟ್ಟ ಬಿಡ್ತಾರ."

"ನಮ್ಮಾಗ ಸುಡಂಗಿಲ್ರಿ" ಎಂದಳು ನಿಂಗವ್ವ. ಡಾಕ್ಟರು ಅವಳ ಕೈ ಹಿಡಿದರು. ಇದನ್ನು ಕಾಂತಾಳಿಗೆ ಆಮೇಲೆ ಹೇಳಿದವಳು ನರ್ಸು.

ಮನೆಗೆ ಬಂದಾಗ ಚಳಿಗಾಲ ನಟ್ಟನಡುವೆ ಇತ್ತು. ಗಿರಣಿಯಲ್ಲಿ ಗೌರೀಶ ಡಬ್ಬಿ ಎತ್ತುತ್ತಿದ್ದ. ಕಲ್ಲಿನ ಬಿಗಿ ಅವನಿಗೆ ಒಲಿದಿರಲಿಲ್ಲ, ಹಿಟ್ಟು ತರಿತರಿ ಎಂದು ಓಣಿಯ ಹೆಂಗಸರು ದೂರಿಕೊಂಡು ಬರುತ್ತಿದ್ದರು. ಕಾಂತಾ ಕುರ್ಚಿಯಲ್ಲಿ ಕೂತು, ಬಲಗೈಯ ಬೆರಳಲ್ಲಿ ಹಿಟ್ಟು ತಿಕ್ಕಿ, "ಇನ್ನೊಂದೀಟು ಬಿಗಿ ಮಾಡ್ರಿ" ಅನ್ನುವಳು. ಬಸಯ್ಯನವರು ಮಣ್ಣಿಗೆ ಕರೆ ಬಂದರೆ ಹೋಗುತ್ತಿದ್ದರು, ಬಂದು ಸ್ನಾನ ಮಾಡಿ ಸೊಸೆಯ ಕುರ್ಚಿಯ ಹತ್ತಿರ ಸುಮ್ಮನೆ ಕೂರುತ್ತಿದ್ದರು. ಜಗಲಿಯ ಮೇಲೆ ಎಣ್ಣೆ ಬಾಟಲಿಯ ಹಿಂದೆ ಏನನ್ನೂ ಇಡಕೂಡದೆಂದು ಸಾಕ್ಷಿ ಎಲ್ಲರಿಗೂ ತಾಕೀತು ಮಾಡಿದ್ದಳು.

ಹಿತ್ತಲಿನ ಹೂವು ಮಾತ್ರ ನಿಂತಿರಲಿಲ್ಲ. ಮೊದಲು ಒಂದು ಇಡುತ್ತಿದ್ದ ನಿಂಗವ್ವ ಈಗ ಎರಡು ಇಡುತ್ತಿದ್ದಳು. ಸುಟ್ಟುಹೋದದ್ದರ ಲೆಕ್ಕವನ್ನೂ ಅಲ್ಲೇ ಸಲ್ಲಿಸುತ್ತಿದ್ದಳೆಂದು ಕಾಣುತ್ತದೆ.

ಮೊದಲ ಸಲಾಯಿನ್ನಿಗೆ ಹೋಗಬೇಕಾದ ದಿನದ ಮುಂಚಿನ ಬೆಳಿಗ್ಗೆ ಕಾಂತಾ ಬಚ್ಚಲ ಕಿಟಕಿಯಿಂದ ನೋಡಲಿಲ್ಲ. ಸೆರಗನ್ನು ಎಡಕ್ಕೆ ಹೊದ್ದು, ಎಡಗೈಯನ್ನು ಬಲಗೈಯಲ್ಲಿ ಹಿಡಿದುಕೊಂಡು, ಮೆಲ್ಲಗೆ ಹಿತ್ತಲಿಗೆ ಇಳಿದಳು. ಪೇರಲ ಗಿಡದ ಬುಡದಲ್ಲಿ ನಿಂಗವ್ವ ಕುಕ್ಕರಗಾಲಿನಲ್ಲಿ ಕೂತು ಮಣ್ಣು ಸವರುತ್ತಿದ್ದಳು.

"ಅತ್ತಿ."

ನಿಂಗವ್ವ ಕದ್ದು ಸಿಕ್ಕವಳಂತೆ ತಿರುಗಿದಳು.

"ಅಲ್ಲಿ ಹೂವ ಇಡಬ್ಯಾಡ್ರಿ ಇನ್ನ. ನಾ ಇನ್ನೂ ಮಣ್ಣಿನ ಮ್ಯಾಲ ಅದೀನಿ."

ಕೈಯಲ್ಲಿದ್ದ ಎರಡು ಶೇವಂತಿಗೆಯನ್ನು ಎಲ್ಲಿಡುವುದೆಂದು ಮುದುಕಿಗೆ ತಿಳಿಯಲಿಲ್ಲ. ಜಗಲಿಗೆ ಏರಿಸಿ ಉಳಿದ ಹೂವು, ಬಿಸಾಡುವಂತಿಲ್ಲ. ಕಣ್ಣು ತುಂಬಿಕೊಂಡು ಹಾಗೇ ಕೂತಳು.

ಕಾಂತಾ ಅವಳ ಮುಂದೆ ಕಲ್ಲಿನ ಮೇಲೆ ಬೆನ್ನು ಮಾಡಿ ಕೂತಳು. ತುರುಬನ್ನು ಬಲಗೈಯಿಂದ ಬಿಚ್ಚಿ ಹೆರಳನ್ನು ಬೆನ್ನ ಮೇಲೆ ಬಿಟ್ಟಳು.

"ಇಲ್ಲಿ ಇಡ್ರಿ. ಕೂದಲ ಉದರೂತನಾ ದಿನಾ ಇಡ್ರಿ."

ಗಿರಣಿಯ ಕಡೆಯಿಂದ ಗೌರೀಶ, ಕರೆಂಟು ಬಂತು, ಯಾರಾದರೂ ಬರ್ರಿ ಎಂದು ಕೂಗಿದ. ಪಟ್ಟಾ ಫಟಫಟ ಎಂದಿತು. ನಿಂಗವ್ವ ಸೊಸೆಯ ಹೆರಳಿಗೆ ಹೂವು ಸಿಗಿಸುತ್ತ ಏನೋ ಹೇಳಿದಳು. ಕಾಂತಾಳಿಗೆ ಅದು ಕೇಳಲಿಲ್ಲ. ಹೂಂ ಎಂದಳು.